ಸುಟ್ಟ ಮೋಟಾರಿನ ಲೆಕ್ಕ ಯಾರ ಬಳಿ ಇದೆ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ದೇಶದ ಒಟ್ಟು ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಈಗ ಸೌರ, ಪವನ, ಜಲ, ಅಣು ಇಂಥ ಮೂಲಗಳದ್ದು ಎಂಬ ಸುದ್ದಿ 2025ರಲ್ಲಿ ಬಂದಾಗ ಎಲ್ಲರಂತೆ ನನಗೂ ಖುಷಿಯಾಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಇನ್ನೊಂದು ಸುದ್ದಿಯೂ ಬಂದಿತ್ತು. 2024–25ರಲ್ಲಿ ನಮ್ಮ ಕಲ್ಲಿದ್ದಲು ಉತ್ಪಾದನೆ ಮೊದಲ ಸಲ 100 ಕೋಟಿ ಟನ್ ದಾಟಿತು. ಎರಡೂ ನಿಜವೇ. ಸೌರ ಫಲಕ ಬಿಸಿಲಿದ್ದಾಗ ಮಾತ್ರ ಕರೆಂಟ್ ಕೊಡುತ್ತದೆ. ಹಾಗಾಗಿ ಸಾಮರ್ಥ್ಯದಲ್ಲಿ ಅರ್ಧ ಪಾಲು ಇದ್ದರೂ ನಾವು ಬಳಸುವ ಹತ್ತು ಯೂನಿಟ್‌ನಲ್ಲಿ ಏಳರಷ್ಟು ಇವತ್ತಿಗೂ ಕಲ್ಲಿದ್ದಲು ಸುಟ್ಟೇ ಬರುತ್ತಿದೆ.

ಈ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ಲೇಖನ, ಪತ್ರಗಳನ್ನು ತಪ್ಪದೆ ಓದುತ್ತೇನೆ. ಎಲ್ಲರೂ ಬರೆಯುವುದು ಕರೆಂಟ್ ಹೇಗೆ ತಯಾರಾಗಬೇಕು ಅಂತ. ತಯಾರಾದ ಕರೆಂಟ್ ಕೊನೆಗೆ ಯಾವ ಯಂತ್ರದೊಳಗೆ ಹೋಗುತ್ತದೆ, ಅಲ್ಲಿ ಎಷ್ಟು ಕೆಲಸವಾಗುತ್ತದೆ, ಎಷ್ಟು ಸುಮ್ನೆ ಶಾಖವಾಗಿ ಹೋಗುತ್ತದೆ ಅನ್ನುವುದನ್ನು ಯಾರೂ ಬರೆದದ್ದು ನೋಡಲಿಲ್ಲ. ನಾನು ಶಿರಾ ತಾಲ್ಲೂಕಿನಲ್ಲಿ ಮೋಟಾರ್ ವೈಂಡಿಂಗ್ ಮಾಡುವವನು. ಈಗ ಅಂಗಡಿಯನ್ನು ಹೆಚ್ಚಾಗಿ ಮಗನೇ ನೋಡಿಕೊಳ್ಳುತ್ತಾನೆ. ಸುಟ್ಟ ಮೋಟಾರ್ ಬಿಚ್ಚಿ ನೋಡುವುದರಲ್ಲೇ ನನ್ನ ಆಯಸ್ಸು ಕಳೆದಿದೆ. ಹಾಗಾಗಿ ಈ ಭಾಗವನ್ನು ನಾನೇ ಬರೆಯೋಣ ಅಂತ ಕೂತಿದ್ದೇನೆ.

ಕಾರ್ಖಾನೆ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಚಿಮಣಿ. ಆದರೆ ಕಾರ್ಖಾನೆಯೊಳಗೆ ಕರೆಂಟ್ ತಿನ್ನುವುದು ಬಹುಪಾಲು ಮೋಟಾರ್‌ಗಳೇ. ಪಂಪ್, ಫ್ಯಾನ್, ಕಂಪ್ರೆಸರ್, ಕನ್ವೇಯರ್, ಕ್ರಷರ್, ಮಿಲ್ಲು, ಲೇತು, ಎಲ್ಲದರ ಹಿಂದೆ ಇರುವುದು ಅದೇ ಇಂಡಕ್ಷನ್ ಮೋಟಾರ್. ದೇಶದಲ್ಲಿ ಬಳಕೆಯಾಗುವ ವಿದ್ಯುತ್ತಿನಲ್ಲಿ ಉದ್ಯಮಗಳ ಪಾಲು ಶೇ 40ರ ಮೇಲಿದೆ. ಕೃಷಿಯ ಪಾಲು ಶೇ 17ರ ಆಸುಪಾಸು. ನಮ್ಮ ರಾಜ್ಯದಲ್ಲಿ ಬರೀ ಪಂಪ್‌ಸೆಟ್‌ಗಳೇ ಮೂರನೇ ಒಂದು ಭಾಗದಷ್ಟು ಎಳೆಯುತ್ತವೆ. ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ ಉರಿಯುವ ಕಲ್ಲಿದ್ದಲಿನ ದೊಡ್ಡ ಪಾಲು ಕೊನೆಗೆ ಯಾವುದೋ ಒಂದು ಮೋಟಾರನ್ನು ತಿರುಗಿಸಲಿಕ್ಕೇ ಹೋಗುತ್ತದೆ.

ಈಗ ನಮ್ಮ ಕಸುಬಿನ ಒಳಗೆ ಸ್ವಲ್ಪ ಬನ್ನಿ.

ಮೋಟಾರ್ ಸುಟ್ಟುಹೋದರೆ ಒಳಗಿನ ತಾಮ್ರದ ಕಾಯಿಲ್ ತೆಗೆದು ಹೊಸದು ಕಟ್ಟಬೇಕು. ಹಳೇ ಕಾಯಿಲ್ ವಾರ್ನಿಷ್ ಕುಡಿದು ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಸುಲಭವಾಗಿ ಬರುವುದಿಲ್ಲ. ಬಹಳ ಕಡೆ ಏನು ಮಾಡುತ್ತಾರೆಂದರೆ, ಸ್ಟೇಟರಿಗೆ, ಅಂದರೆ ಕಾಯಿಲ್ ಕೂರುವ ತಿರುಗದ ಭಾಗಕ್ಕೆ, ಸೀಮೆಎಣ್ಣೆಯನ್ನೋ ವೇಸ್ಟ್ ಆಯಿಲನ್ನೋ ಸುರಿದು ಬೆಂಕಿ ಹಚ್ಚಿಬಿಡುತ್ತಾರೆ. ಅರ್ಧ ಗಂಟೆ ಉರಿದ ಮೇಲೆ ಕಾಯಿಲ್ ಎಳೆದರೆ ಬಂದುಬಿಡುತ್ತದೆ. ಕೆಲಸ ಬೇಗ ಆಯಿತು, ಗಿರಾಕಿಗೂ ಖುಷಿ. ಆದರೆ ಸ್ಟೇಟರಿನ ಕೋರ್ ಒಂದೇ ಗಟ್ಟಿ ಕಬ್ಬಿಣ ಅಲ್ಲ. ಅರ್ಧ ಮಿಲಿಮೀಟರ್ ದಪ್ಪದ ನೂರಾರು ಸ್ಟಾಂಪಿಂಗ್‌ಗಳನ್ನು, ಅಂದರೆ ತೆಳು ತಗಡುಗಳನ್ನು, ಪುಸ್ತಕದ ಹಾಳೆಗಳ ಹಾಗೆ ಒತ್ತಿ ಜೋಡಿಸಿರುತ್ತಾರೆ. ಒಂದು ಹಾಳೆಯಿಂದ ಇನ್ನೊಂದಕ್ಕೆ ಕರೆಂಟ್ ಹರಿಯದಂತೆ ಪ್ರತಿಯೊಂದರ ಮೇಲೂ ತೆಳುವಾದ ಲೇಪನ ಇರುತ್ತದೆ. ಕೋರಿನ ಶಾಖ ಸುಮಾರು 360 ಡಿಗ್ರಿ ದಾಟದ ಹಾಗೆ ನೋಡಿಕೊಂಡರೆ ಆ ಲೇಪನ ಉಳಿಯುತ್ತದೆ. ಬಯಲಲ್ಲಿ ಹಚ್ಚಿದ ಬೆಂಕಿಗೆ ಡಿಗ್ರಿ ಲೆಕ್ಕ ಎಲ್ಲಿಂದ ಬರಬೇಕು? ಕೋರ್ ಕೆಂಪಗಾಗುತ್ತದೆ, ಲೇಪನ ಸುಡುತ್ತದೆ, ಸ್ಟಾಂಪಿಂಗ್‌ಗಳು ಒಂದಕ್ಕೊಂದು ತಾಗುತ್ತವೆ. ಆಮೇಲೆ ಎಷ್ಟೇ ಚೆನ್ನಾಗಿ ವೈಂಡಿಂಗ್ ಮಾಡಿದರೂ ಕಬ್ಬಿಣದೊಳಗೇ ಕರೆಂಟ್ ಸುತ್ತುತ್ತ ಶಾಖವಾಗುತ್ತಿರುತ್ತದೆ. ಮೋಟಾರ್ ತಿರುಗುತ್ತದೆ, ಶಬ್ದವೂ ಮೊದಲಿನಂತೆಯೇ ಇರುತ್ತದೆ. ಜಾಸ್ತಿ ಎಳೆಯುವ ಕರೆಂಟ್ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದರ ಜೊತೆಗೆ ತಾಮ್ರದ ಬೆಲೆ. ಒಳಗೆ 18 ಗೇಜ್ ತಂತಿ ಇದ್ದರೆ ಕೆಲವರು 19 ಗೇಜ್ ಹಾಕಿ ಕಟ್ಟುತ್ತಾರೆ. ಗೇಜ್ ನಂಬರ್ ಏರಿದಷ್ಟೂ ತಂತಿ ಸಣ್ಣ. ಒಂದೇ ಗೇಜ್ ವ್ಯತ್ಯಾಸ ಅಲ್ವಾ ಅನ್ನಿಸಬಹುದು. ಆದರೆ ತಂತಿಯ ದಪ್ಪದ ಲೆಕ್ಕದಲ್ಲಿ ಶೇ 30ರಷ್ಟು ತಾಮ್ರ ಕಡಿಮೆಯಾಯಿತು. ಅಷ್ಟು ಸಣ್ಣ ತಂತಿಯಲ್ಲಿ ಅದೇ ಕರೆಂಟ್ ಹರಿಯಬೇಕು. ಬಿಸಿ ಜಾಸ್ತಿ, ಪೋಲು ಜಾಸ್ತಿ, ಮತ್ತೆ ಸುಡುವುದೂ ಬೇಗ. ಸುಟ್ಟರೆ ಮತ್ತೆ ಬೆಂಕಿ, ಮತ್ತೆ ವೈಂಡಿಂಗ್.

ಇದನ್ನು ನಾನು ಕಸುಬಿನವರ ಮೇಲೆ ದೂರು ಹೇಳಲು ಬರೆಯುತ್ತಿಲ್ಲ. ನಮ್ಮ ಹುಡುಗರು ಜಾಣರು. ಕಾಯಿಲ್ ಕೈಯಲ್ಲಿ ಹಿಡಿದೇ ಟರ್ನ್ಸ್ (ತಂತಿಯ ಸುತ್ತು) ಎಷ್ಟು ಅಂತ ಹೇಳಬಲ್ಲವರು ಇದ್ದಾರೆ. ಆದರೆ ಶಾಖ ಹತೋಟಿಯಲ್ಲಿಡುವ ಓವನ್ ಅವರ ಬಳಿ ಇಲ್ಲ. ಕೋರ್ ಟೆಸ್ಟ್ ಮಾಡುವ ಸಲಕರಣೆ ಇಲ್ಲ. ಕೇಳುವವರೂ ಇಲ್ಲ. ಗಿರಾಕಿ ಕೇಳುವುದು ಒಂದೇ: ‘ಅಣ್ಣ, ನಾಳೆ ಬೆಳಿಗ್ಗೆ ಕೊಡ್ತೀಯಾ?’

ಒಂದು ಮೋಟಾರಿನ ಲೆಕ್ಕ ಹಾಕೋಣ. ನಮ್ಮ ಕಡೆ ತೆಂಗಿನ ನಾರಿನ ಫ್ಯಾಕ್ಟರಿಗಳಿವೆ. ಅಂಥದ್ದೊಂದರಲ್ಲಿ 10 ಎಚ್‌ಪಿ ಮೋಟಾರ್ ಇದೆ ಅಂತಿಟ್ಟುಕೊಳ್ಳಿ. ಅದರಿಂದ ಸಿಗುವ ಕೆಲಸ ಸುಮಾರು 7.5 ಕಿಲೋವಾಟ್. ಮೋಟಾರಿನ ದಕ್ಷತೆಗೆ ಐಇ ಅಂತ ದರ್ಜೆಗಳಿವೆ, ನಂಬರ್ ಏರಿದಷ್ಟೂ ಪೋಲು ಕಡಿಮೆ. ಐಇ3 ದರ್ಜೆಯ ಹೊಸ ಮೋಟಾರಿನ ದಕ್ಷತೆ ಶೇ 90ಕ್ಕಿಂತ ಸ್ವಲ್ಪ ಮೇಲೆ. ಪೂರ್ತಿ ಲೋಡಿನಲ್ಲಿ ಗಂಟೆಗೆ 8.3 ಯೂನಿಟ್ ತೆಗೆದುಕೊಳ್ಳುತ್ತದೆ. ಎರಡು ಮೂರು ಸಲ ಬೆಂಕಿ ಕಂಡ ಹಳೇ ಮೋಟಾರ್ ಶೇ 83ಕ್ಕೆ ಇಳಿದಿದ್ದರೆ ಅದೇ ಕೆಲಸಕ್ಕೆ 9 ಯೂನಿಟ್ ಬೇಕು. ವ್ಯತ್ಯಾಸ ಗಂಟೆಗೆ ಮುಕ್ಕಾಲು ಯೂನಿಟ್ ಹತ್ತಿರ. ಇದು ಯಾರಿಗೂ ದೊಡ್ಡದು ಅನ್ನಿಸುವುದಿಲ್ಲ. ದಿನಕ್ಕೆ ಎರಡು ಶಿಫ್ಟ್, ವರ್ಷಕ್ಕೆ 250 ದಿನ ಓಡಿದರೆ 4,000 ಗಂಟೆ. ಅಂದರೆ ವರ್ಷಕ್ಕೆ ಸುಮಾರು 3,000 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 20 ಸಾವಿರ ರೂಪಾಯಿ ಹೋಯಿತು.

ಈಗ ಹೊಗೆಯ ಲೆಕ್ಕ. ನಮ್ಮ ಗ್ರಿಡ್‌ನಲ್ಲಿ ಬರುವ ಒಂದು ಯೂನಿಟ್‌ಗೆ ಸರಾಸರಿ 700 ಗ್ರಾಂಗಿಂತ ಸ್ವಲ್ಪ ಜಾಸ್ತಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. 3,000 ಯೂನಿಟ್‌ಗೆ ಎರಡು ಟನ್ ಮೇಲಾಯಿತು. ಭಾರತದಲ್ಲಿ ತಲಾವಾರು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ಕೂಡ ವರ್ಷಕ್ಕೆ ಸುಮಾರು ಎರಡು ಟನ್ನೇ. ಅಂದರೆ ಯಾವುದೋ ಶೆಡ್ಡಿನ ಮೂಲೆಯಲ್ಲಿರುವ ಒಂದು ಕೆಟ್ಟ ಮೋಟಾರ್, ಕೆಲಸಕ್ಕೆ ಬಾರದ ಬರೀ ಶಾಖಕ್ಕಾಗಿ, ಒಬ್ಬ ಮನುಷ್ಯನ ಇಡೀ ವರ್ಷದ ಪಾಲನ್ನು ಗಾಳಿಗೆ ಬಿಡುತ್ತಿದೆ. ದಾರಿಯಲ್ಲಿ ಲೈನುಗಳಲ್ಲಿ ಸೋರುವ ಕರೆಂಟನ್ನೂ ಸೇರಿಸಿದರೆ ಇನ್ನೂ ಜಾಸ್ತಿ.

ಅಮೆರಿಕದವನ ಪಾಲು ವರ್ಷಕ್ಕೆ 14 ಟನ್ ಹತ್ತಿರ ಇರುವಾಗ ನಮ್ಮ ಎರಡು ಟನ್ ಬಗ್ಗೆ ಏನು ಮಾತು ಅಂತ ಕೆಲವರು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ನ್ಯಾಯ ಇದೆ, ನಾನೂ ಒಪ್ಪುತ್ತೇನೆ. ಒಟ್ಟು ಲೆಕ್ಕದಲ್ಲಿ ಚೀನಾ, ಅಮೆರಿಕ ಬಿಟ್ಟರೆ ನಾವೇ ಮೂರನೆಯವರು, ಆದರೂ ನಮ್ಮ ಜನಕ್ಕೆ ಇನ್ನೂ ಕೆಲಸ ಬೇಕು, ಕಾರ್ಖಾನೆ ಬೇಕು. ನಾನು ಕಾರ್ಖಾನೆ ಬೇಡ ಅನ್ನುತ್ತಿಲ್ಲ. ಆ 3,000 ಯೂನಿಟ್‌ನಿಂದ ಒಂದು ಹಿಡಿ ನಾರೂ ಜಾಸ್ತಿ ಬರಲಿಲ್ಲ, ಒಬ್ಬ ಆಳಿಗೂ ಕೂಲಿ ಸಿಗಲಿಲ್ಲ ಅನ್ನುವುದಷ್ಟೇ ನನ್ನ ಸಂಕಟ.

ಕಾನೂನು ಇಲ್ಲವೇ ಅಂದರೆ, ಇದೆ. ಕೇಂದ್ರ ಸರ್ಕಾರದ ಆದೇಶದಂತೆ ಈಗ ಹೊಸದಾಗಿ ಮಾರುವ ಸಾಮಾನ್ಯ ತ್ರೀ ಫೇಸ್ ಮೋಟಾರ್ ಕನಿಷ್ಠ ಐಇ2 ದರ್ಜೆಯದ್ದಾಗಿರಬೇಕು. ಸಿಮೆಂಟ್, ಉಕ್ಕು, ಗೊಬ್ಬರ ಇಂಥ ದೊಡ್ಡ ಕಾರ್ಖಾನೆಗಳಿಗೆ 2012ರಿಂದ ‘ಪ್ಯಾಟ್’ ಯೋಜನೆ ಬಂತು. ಇಷ್ಟು ಇಂಧನ ಉಳಿಸಲೇಬೇಕು ಅಂತ ಗುರಿ ಕೊಟ್ಟರು, ಗುರಿ ಮೀರಿ ಉಳಿಸಿದವರು ಅದನ್ನು ಮಾರಿಕೊಳ್ಳಬಹುದು ಅಂದರು. ಒಳ್ಳೆಯ ಯೋಜನೆ. ದೊಡ್ಡವರು ಹಳೇ ಮೋಟಾರ್ ತೆಗೆದು ಹೊಸದು ಹಾಕುತ್ತಾರೆ.

ತೆಗೆದ ಹಳೇ ಮೋಟಾರ್ ಎಲ್ಲಿಗೆ ಹೋಗುತ್ತದೆ? ಅದು ನನಗೆ ಗೊತ್ತು. ಹರಾಜಿನಲ್ಲಿ ಗುಜರಿಯವನಿಗೆ ಹೋಗುತ್ತದೆ. ಗುಜರಿಯವನು ಅದನ್ನು ಒಡೆದು ತಾಮ್ರ ತೆಗೆಯುವುದಕ್ಕಿಂತ ಹಾಗೇ ಮಾರಿದರೆ ನಾಲ್ಕು ಕಾಸು ಜಾಸ್ತಿ. ಅಲ್ಲಿಂದ ಸಣ್ಣ ಮಿಲ್ಲಿನವನು, ಎಣ್ಣೆ ಗಾಣದವನು, ಕ್ರಷರಿನವನು ತರುತ್ತಾನೆ. ನಮ್ಮ ಅಂಗಡಿಗೆ ಬರುವ ಮೋಟಾರಿನ ನೇಮ್ ಪ್ಲೇಟ್ ಉಜ್ಜಿ ನೋಡಿದರೆ ನನ್ನ ಮದುವೆಗೂ ಹಿಂದಿನ ಇಸವಿ ಕಾಣುವುದುಂಟು. ಕೆಲವಕ್ಕೆ ಪ್ಲೇಟೇ ಇರುವುದಿಲ್ಲ. ದೊಡ್ಡ ಕಾರ್ಖಾನೆಯ ವರದಿಯಲ್ಲಿ ಇಂಧನ ಉಳಿತಾಯ ಅಂತ ದಾಖಲಾದ ಮೋಟಾರ್ ಇಲ್ಲಿ ಇನ್ನೊಂದು ಶೆಡ್ಡಿನಲ್ಲಿ ಓಡುತ್ತಲೇ ಇದೆ. ಇಲ್ಲಿ ಲೋಡೂ ಜಾಸ್ತಿ, ವೋಲ್ಟೇಜೂ ಕಡಿಮೆ. ಹೊಸ ಮೋಟಾರಿಗೆ ದರ್ಜೆ ಇದೆ. ಹಳೇದಕ್ಕೆ, ಸುಟ್ಟು ಕಟ್ಟಿಸಿದ್ದಕ್ಕೆ ಇಲ್ಲ. ನನ್ನ ಇಷ್ಟುದ್ದದ ಪತ್ರದಲ್ಲಿ ಇದೊಂದನ್ನಾದರೂ ಇಂಧನ ಇಲಾಖೆಯವರು ಗಮನಿಸಲಿ.

ಹಳೇ ಬಸ್ಸು, ಲಾರಿಗಳಿಗೆ 2021ರಲ್ಲಿ ಗುಜರಿ ನೀತಿ ತಂದರು. ಮೋಟಾರಿಗೂ ಅಂಥದ್ದೊಂದು ಬೇಕು. ಹಳೇ ಮೋಟಾರ್ ತಂದುಕೊಟ್ಟರೆ ಒಳಗಿನ ತಾಮ್ರ, ಕಬ್ಬಿಣದ ಬೆಲೆ ಪೂರ್ತಿ ಕೊಟ್ಟು, ಅದನ್ನು ಅಲ್ಲೇ ಒಡೆದು ಕರಗಿಸಬೇಕು. ಅದು ಮತ್ತೆ ಇನ್ನೊಬ್ಬರ ಶೆಡ್ಡಿಗೆ ಹೋಗಬಾರದು.

ಸಣ್ಣವರಿಗೆ ಹೊಸದು ಕೊಳ್ಳುವ ಶಕ್ತಿ ಎಲ್ಲಿದೆ ಅಂತ ಕೇಳಬಹುದು. ಎಲ್‌ಇಡಿ ಬಲ್ಬು ನೆನಪಿಸಿಕೊಳ್ಳಿ. 2014ರಲ್ಲಿ ಸರ್ಕಾರಿ ವಲಯದ ಇಇಎಸ್‌ಎಲ್ ಕಂಪನಿ ಒಂದು ಬಲ್ಬಿಗೆ 310 ರೂಪಾಯಿ ಕೊಟ್ಟು ಸಗಟಾಗಿ ಕೊಂಡಿತ್ತು. ಕೋಟಿಗಟ್ಟಲೆ ಆರ್ಡರ್ ಕೊಡುತ್ತಾ ಹೋದ ಹಾಗೆ 2016ರ ಹೊತ್ತಿಗೆ ಅದು 38 ರೂಪಾಯಿಗೆ ಇಳಿಯಿತು. ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹಂಚಿದರು. ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಅಂತ ಹೆಸರಿಟ್ಟು ಕೊಟ್ಟರು. ಅದೇ ಕಂಪನಿ ಐಇ3 ಮೋಟಾರಿಗೂ ಒಂದು ಕಾರ್ಯಕ್ರಮ ಮಾಡಿತು. ನಮ್ಮ ಊರಿನ ತನಕ ಮಾತ್ರ ಅದು ಬರಲೇ ಇಲ್ಲ. ಬಲ್ಬಿನಷ್ಟು ಬೆಲೆ ಇಳಿಯುತ್ತದೆ ಅಂತ ನಾನು ಹೇಳುವುದಿಲ್ಲ, ತಾಮ್ರ ತಾಮ್ರವೇ. ಆದರೆ ಕಂತಿನಲ್ಲಿ ಕೊಡಬಹುದು. ಮೋಟಾರಿನ ಹಣವನ್ನು ತಿಂಗಳ ಕರೆಂಟ್ ಬಿಲ್ಲಿನಲ್ಲೇ ಸ್ವಲ್ಪ ಸ್ವಲ್ಪ ಹಿಡಿದುಕೊಂಡರೆ, ಬಿಲ್ಲಿನಲ್ಲಿ ಉಳಿಯುವ ದುಡ್ಡಿನಲ್ಲೇ ಎರಡು ಮೂರು ವರ್ಷದಲ್ಲಿ ಸಾಲ ತೀರುತ್ತದೆ. ಎರಡು ಶಿಫ್ಟ್ ಓಡುವ ಮಿಲ್ಲಿನ ಮಾತು ಇದು. ದಿನಕ್ಕೊಂದು ಗಂಟೆ ಓಡುವ ಹಿಟ್ಟಿನ ಗಿರಣಿಯ ಮೋಟಾರ್ ಬದಲಿಸಿ ಪ್ರಯೋಜನವಿಲ್ಲ. ಅದಕ್ಕೆ ಸರಿಯಾದ ವೈಂಡಿಂಗ್ ಸಾಕು.

ಇನ್ನು ಹೊಲದ ಪಂಪ್‌ಸೆಟ್. ಇದರ ಬಗ್ಗೆ ಮಾತಾಡಿದರೆ ರೈತ ವಿರೋಧಿ ಅನ್ನುತ್ತಾರೆ. ನಮ್ಮ ಮನೆಯವರೂ ರೈತರೇ. 10 ಎಚ್‌ಪಿವರೆಗೆ ಉಚಿತ ವಿದ್ಯುತ್ ಇರಬೇಕು ಅನ್ನುವವನೇ ನಾನು. ಆದರೆ ಲೆಕ್ಕ ನೋಡಿ. 600 ಅಡಿ ಆಳದಿಂದ ಸಾವಿರ ಲೀಟರ್ ನೀರು ಎತ್ತಲು ಬೇಕಾದ ನಿಜವಾದ ಶಕ್ತಿ ಅರ್ಧ ಯೂನಿಟ್. ಪಂಪು, ಮೋಟಾರ್ ಎರಡೂ ಸೇರಿ ಶೇ 30 ದಕ್ಷತೆ ಇದ್ದರೆ 1.7 ಯೂನಿಟ್ ಹತ್ತಿರ ಬೇಕಾಗುತ್ತದೆ. ಶೇ 45 ಇದ್ದರೆ 1.1 ಸಾಕು. ಹೊಲಗಳಲ್ಲಿ ಇರುವುದು ಬಹಳ ಮಟ್ಟಿಗೆ ಮೊದಲನೇ ಥರದ್ದೇ.

ರೈತ ಒಳ್ಳೇ ಪಂಪ್ ಯಾಕೆ ತರುವುದಿಲ್ಲ? ಬಿಲ್ಲು ಬರುವುದಿಲ್ಲ, ಅದಕ್ಕೆ ಅಂತ ನಗರದವರು ಅಂದುಕೊಂಡಿದ್ದಾರೆ. ಅದು ಅರ್ಧ ಸತ್ಯ. ಇನ್ನರ್ಧ ವೋಲ್ಟೇಜು. ನಮ್ಮ ಕಡೆ ತ್ರೀ ಫೇಸ್ ಬಂದ ತಕ್ಷಣ ಆಟೋ ಸ್ಟಾರ್ಟರ್ ಹಾಕಿರುವ ಎಲ್ಲ ಪಂಪುಗಳೂ ಒಟ್ಟಿಗೇ ಶುರುವಾಗುತ್ತವೆ. ಒಂದು ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಇರಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಮೋಟಾರ್. 415 ಇರಬೇಕಾದ ವೋಲ್ಟೇಜ್ 340ಕ್ಕೆ ಬೀಳುತ್ತದೆ. ಅದೇ ನೀರು ಎತ್ತಲು ಮೋಟಾರ್ ಆಗ ಜಾಸ್ತಿ ಆಂಪ್ಸ್ ಎಳೆಯಬೇಕು. ವೈಂಡಿಂಗ್‌ನಲ್ಲಿ ಆಗುವ ಶಾಖ ಹತ್ತಿರ ಹತ್ತಿರ ಒಂದೂವರೆ ಪಟ್ಟಾಗುತ್ತದೆ. ಮೋಟಾರ್ ಸುಡುತ್ತದೆ. ಸಾವಿರ ಅಡಿ ಪೈಪ್ ಎತ್ತಿ ಇಳಿಸುವ ಖರ್ಚು ರೈತನ ತಲೆ ಮೇಲೆ. ಹಾಗಾಗಿ ಅವನು ಅಂಗಡಿಗೆ ಬಂದು ಕೇಳುವುದು ‘ಅಣ್ಣ, ಲೋ ವೋಲ್ಟೇಜಿಗೆ ತಡೆಯೋ ಥರ ಕಟ್ಟಿಕೊಡು’ ಅಂತ. ಸ್ಟಾರ್ ಲೇಬಲ್ ಇರುವ ಪಂಪ್ ತೋರಿಸಿದರೆ ‘ಅದು ನಮ್ಮೂರ ಕರೆಂಟಿಗೆ ಆಗಲ್ಲ’ ಅನ್ನುತ್ತಾನೆ. ಅವನ ಅನುಭವ ಅದು, ಸುಳ್ಳಲ್ಲ. ಲೋ ವೋಲ್ಟೇಜಿಗೆ ಅಂತ ಟರ್ನ್ಸ್ ಕಡಿಮೆ ಮಾಡಿ ಕಟ್ಟಿದ ಮೋಟಾರ್ ವೋಲ್ಟೇಜ್ ಸರಿ ಇದ್ದಾಗ ಕೋರಿನಲ್ಲಿ ಜಾಸ್ತಿ ಬಿಸಿಯಾಗುತ್ತದೆ. ಒಟ್ಟಿನಲ್ಲಿ ಎರಡೂ ಕಡೆ ಪೋಲು.

ಆದ್ದರಿಂದ ಪಂಪ್ ಬದಲಿಸುವ ಯೋಜನೆ ತರುವವರು ಮೊದಲು ಟಿಸಿ ಸರಿ ಮಾಡಲಿ. ನಾಲ್ಕೈದು ಪಂಪಿಗೊಂದು ಸಣ್ಣ ಟಿಸಿ ಇಟ್ಟು, ಅಲ್ಲಿಯವರೆಗೆ 11 ಕೆವಿ ಲೈನ್ ಎಳೆದರೆ ವೋಲ್ಟೇಜ್ ನಿಲ್ಲುತ್ತದೆ, ಲೈನಿನಲ್ಲಿ ಸೋರುವುದೂ ಕಡಿಮೆಯಾಗುತ್ತದೆ. ಆಮೇಲೆ ಒಳ್ಳೇ ಪಂಪ್ ಕೊಟ್ಟರೆ ಅದು ಬಾಳಿಕೆ ಬರುತ್ತದೆ. ಕ್ರಮ ತಪ್ಪಿದರೆ ಕೊಟ್ಟ ಪಂಪ್ ಸುಟ್ಟುಕೊಂಡು ಮತ್ತೆ ನಮ್ಮ ಅಂಗಡಿಗೇ ಬರುತ್ತದೆ.

ಇಲ್ಲಿ ಒಂದು ಭಯವೂ ಇದೆ. ಒಳ್ಳೇ ಪಂಪ್ ಬಂದರೆ ಅಷ್ಟೇ ಹೊತ್ತಿನಲ್ಲಿ ಜಾಸ್ತಿ ನೀರು ಎತ್ತುತ್ತದೆ. ನಮ್ಮ ಶಿರಾ, ಪಾವಗಡ, ಮಧುಗಿರಿಯಂಥ ಸೀಮೆಯಲ್ಲಿ ಬೋರು ಇನ್ನೂ ಬೇಗ ಬತ್ತಿದರೆ ಕರೆಂಟ್ ಉಳಿಸಿ ಏನು ಬಂತು? ಇದಕ್ಕೆ ಪಂಜಾಬಿನಲ್ಲಿ 2018ರಲ್ಲಿ ಒಂದು ದಾರಿ ಹುಡುಕಿದರು. ರೈತನಿಗೆ ಇಷ್ಟು ಯೂನಿಟ್ ಅಂತ ನಿಗದಿ ಮಾಡಿ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿ ಅವನ ಖಾತೆಗೆ ಹಾಕಿದರು. ಉಚಿತ ಹೋಗಲಿಲ್ಲ, ಉಳಿಸಿದವನಿಗೆ ಕಾಸೂ ಸಿಕ್ಕಿತು. ಮೀಟರ್ ಅಂದರೆ ನಮ್ಮ ರೈತರು ಹೆದರುವುದು ಅದರ ಹಿಂದೆಯೇ ಬಿಲ್ಲು ಬಂದೀತು ಅಂತ. ಮೀಟರಿನ ಹಿಂದೆ ದುಡ್ಡು ಬರುತ್ತದೆ ಅಂತ ಒಂದು ಹೋಬಳಿಯಲ್ಲಾದರೂ ಮಾಡಿ ತೋರಿಸಿ, ಆಮೇಲೆ ನೋಡಿ.

ನಮ್ಮ ಪಕ್ಕದ ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ನಿಂತಿದೆ. ತಿರುಮಣಿ ಕಡೆ ಹೋದರೆ ಕಣ್ಣು ಹಾಯುವವರೆಗೂ ಫಲಕ. ನನಗೆ ಅದರ ಬಗ್ಗೆ ಹೆಮ್ಮೆ ಇದೆ. ಆದರೆ ಅಷ್ಟು ಭೂಮಿ ಕೊಟ್ಟು ತಯಾರಿಸಿದ ಕರೆಂಟ್ ಅದೇ ಸುಟ್ಟ ಕೋರಿನ ಮೋಟಾರಿಗೆ ಹೋಗುತ್ತದಲ್ಲ, ಅದು ನೋವು. 2070ಕ್ಕೆ ನೆಟ್ ಝೀರೋ, ಅಂದರೆ ಬಿಟ್ಟಷ್ಟು ಇಂಗಾಲವನ್ನು ಹೀರಿಕೊಂಡು ಲೆಕ್ಕ ಸೊನ್ನೆ ಮಾಡುತ್ತೇವೆ ಅಂತ 2021ರಲ್ಲಿ ಗ್ಲಾಸ್ಗೋದಲ್ಲಿ ಮಾತು ಕೊಟ್ಟಿದ್ದೇವೆ. ಒಂದು ಮೋಟಾರ್ ಇಪ್ಪತ್ತು ವರ್ಷ ಸಲೀಸಾಗಿ ಓಡುತ್ತದೆ. ಕಟ್ಟಿಸಿ ಕಟ್ಟಿಸಿ ಓಡಿಸಿದರೆ ಮೂವತ್ತು ವರ್ಷವೂ ಓಡುತ್ತದೆ. ಇವತ್ತು ಮಿಲ್ಲಿಗೆ ಬಂದ ಮೋಟಾರ್ 2050ರ ಹೊತ್ತಿಗೂ ತಿರುಗುತ್ತಿರುತ್ತದೆ. ನಮ್ಮ ದೇಶದಲ್ಲಿ ಕಾರ್ಖಾನೆಗಳು ಈಗ ಏಳುತ್ತಿವೆ. ಮುಂದೆ ಓಡಬೇಕಾದ ಮೋಟಾರ್‌ಗಳಲ್ಲಿ ಎಷ್ಟೋ ಇನ್ನೂ ಯಾರೂ ಕೊಂಡೇ ಇಲ್ಲ. ಈಗಲೇ ಸರಿಯಾದದ್ದನ್ನು ಹಾಕಿಸುವುದು ಸುಲಭ, ಆಮೇಲೆ ಕಿತ್ತು ಬದಲಿಸುವುದು ಕಷ್ಟ.

ನನ್ನ ಕೋರಿಕೆ ದೊಡ್ಡದಲ್ಲ. ಪ್ರತಿ ತಾಲ್ಲೂಕಿನ ಸರ್ಕಾರಿ ಐಟಿಐನಲ್ಲಿ ಶಾಖ ಹತೋಟಿಯಲ್ಲಿರುವ ಒಂದು ಓವನ್ ಇಡಿ. ಕೋರ್ ಟೆಸ್ಟ್, ನೋ ಲೋಡ್ ಟೆಸ್ಟ್ (ಹೊರೆ ಇಲ್ಲದೆ ಓಡಿಸಿ ನೋಡುವುದು) ಮಾಡುವ ಒಂದು ಬೆಂಚ್ ಇಡಿ. ವೈಂಡಿಂಗ್ ಅಂಗಡಿಯವರು ಸ್ವಲ್ಪ ಶುಲ್ಕ ಕೊಟ್ಟು ಬಳಸಿಕೊಳ್ಳಲಿ. ಕಟ್ಟಿದ ಮೋಟಾರಿಗೆ ಒಂದು ಚೀಟಿ ಅಂಟಿಸಿ: ಎಷ್ಟು ಸಲ ಸುಟ್ಟಿದೆ, ಯಾವ ಗೇಜ್ ತಂತಿ, ನೋ ಲೋಡ್‌ನಲ್ಲಿ ಎಷ್ಟು ಆಂಪ್ಸ್. ಆಂಪ್ಸ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿಯಲು ಬರುವ ಯಾವ ಹುಡುಗನೂ ಇದನ್ನು ಮಾಡಬಲ್ಲ. ಕೋರ್ ಕೆಟ್ಟಿದ್ದರೆ ‘ಇದನ್ನು ಕಟ್ಟಬೇಡಿ, ಗುಜರಿಗೆ ಹಾಕಿ’ ಅಂತ ಆ ಚೀಟಿಯೇ ಹೇಳಲಿ. ಈಗ ಆ ಮಾತನ್ನು ನಾನು ಹೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ವಿದ್ಯುತ್ ದರ ಪರಿಷ್ಕರಣೆಗೆ ಮುಂಚೆ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗದವರು (ಕೆಇಆರ್‌ಸಿ) ಬಹಿರಂಗ ವಿಚಾರಣೆ ನಡೆಸುತ್ತಾರೆ. ಅಲ್ಲಿ ಪ್ರತಿ ಸಲ ಮಾತು ಯೂನಿಟ್‌ಗೆ ಎಷ್ಟು ಪೈಸೆ ಅನ್ನುವುದರ ಸುತ್ತಲೇ ಇರುತ್ತದೆ. ಮುಂದಿನ ವಿಚಾರಣೆಗೆ ನಾನು ಈ ಪತ್ರದ ಪ್ರತಿಯನ್ನೇ ಆಕ್ಷೇಪಣೆಯಾಗಿ ಸಲ್ಲಿಸುತ್ತೇನೆ. ಮಿಲ್ಲು, ಶೆಡ್ಡು ನಡೆಸುವ ಓದುಗರು ತಮ್ಮ ಮೋಟಾರ್‌ಗಳ ನೇಮ್ ಪ್ಲೇಟಿನ ಇಸವಿ, ಎಷ್ಟು ಸಲ ಕಟ್ಟಿಸಿದ್ದೀರಿ, ತಿಂಗಳ ಯೂನಿಟ್ ಎಷ್ಟು ಅನ್ನುವುದನ್ನು ಬರೆದು ನೀವೂ ಕಳಿಸಿ. ನಮ್ಮ ಜಿಲ್ಲೆಯಲ್ಲಿ ಇಂಥ ಮೋಟಾರ್ ಎಷ್ಟಿವೆ ಅಂತ ಆಗಲಾದರೂ ಯಾರಾದರೂ ಎಣಿಸಲು ಶುರು ಮಾಡುತ್ತಾರೆ.

ಇಂತಿ ನಿಮ್ಮ ಓದುಗ,
ಮೋಟಾರ್ ವೈಂಡಿಂಗ್ ಕಸುಬಿನವ,
ಶಿರಾ ತಾಲ್ಲೂಕು, ತುಮಕೂರು ಜಿಲ್ಲೆ